ಮುಗಿದ ಕಟ್ಟಡದ ಛಾಯಾಚಿತ್ರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ಈ ಎರಡು ಕಾರ್ಯಗಳಿಗೂ ಗಾದೆ ಹೇಳದೆ ಬಿಟ್ಟ ಇನ್ನೊಂದು ಸಾಮ್ಯವುಂಟು. ಎರಡೂ ಮುಗಿಯುವ ಹೊತ್ತಿಗೆ ಛಾಯಾಚಿತ್ರಗ್ರಾಹಕನಿಗೆ ಕರೆ ಹೋಗುತ್ತದೆ. ಮದುವೆಯ ಚಿತ್ರಗಳ ವಿಚಾರವನ್ನು ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಕಟ್ಟಡದ ಚಿತ್ರವನ್ನು ಯಾರು ತೆಗೆಸುತ್ತಾರೆ, ಏತಕ್ಕಾಗಿ ತೆಗೆಸುತ್ತಾರೆ, ಅದರ ಹಿಂದೆ ಯಾವ ಶಾಸ್ತ್ರವಿದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪ್ರಶ್ನೆಗಳನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಜೀವಮಾನದ ಉಳಿತಾಯವನ್ನು ಒಂದು ಚಿತ್ರವನ್ನು ನೋಡಿ ಒಪ್ಪಿಸಿಬಿಡುವ ಈ ಕಾಲದಲ್ಲಿ ಆ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಅಗತ್ಯ.

ಮೊದಲು ಈ ವೃತ್ತಿಯ ಪ್ರಯೋಜನವನ್ನು ನೋಡೋಣ. ಬಡಗಿಯು ತಾನು ಮಾಡಿದ ಕುರ್ಚಿಯನ್ನು ಅಂಗಡಿಯಲ್ಲಿಟ್ಟು ತೋರಿಸಬಲ್ಲನು. ನೇಕಾರನು ಸೀರೆಯನ್ನು ಬಿಚ್ಚಿ ಹರಡಬಲ್ಲನು. ಕಟ್ಟಡದ ಕಂಟ್ರಾಕ್ಟರಿಗೆ ಈ ಭಾಗ್ಯವಿಲ್ಲ. ಕೆಲಸ ಮುಗಿದು ಬೀಗದ ಕೈಯನ್ನು ಒಪ್ಪಿಸಿದ ದಿನದಿಂದ ಅವನ ಕೃತಿ ಮತ್ತೊಬ್ಬರ ಸ್ವತ್ತು; ಅದರ ಬಾಗಿಲನ್ನು ತಟ್ಟಲು ಅವನಿಗೂ ಅಪ್ಪಣೆ ಬೇಕು. ಸೇತುವೆಯನ್ನಾಗಲಿ ಅಣೆಕಟ್ಟನ್ನಾಗಲಿ ಹೊತ್ತುಕೊಂಡು ಹೋಗಿ ಮುಂದಿನ ಗಿರಾಕಿಗೆ ತೋರಿಸುವುದಂತೂ ಸಾಧ್ಯವೇ ಇಲ್ಲ. ಆದ್ದರಿಂದ ಅವನ ಅನುಭವಕ್ಕೆ, ಸಾಮರ್ಥ್ಯಕ್ಕೆ ಸಾಕ್ಷಿಯಾಗಿ ನಿಲ್ಲುವುದು ಚಿತ್ರವೊಂದೇ. ಟೆಂಡರು ಹಾಕುವಾಗ, ಬ್ಯಾಂಕಿನಲ್ಲಿ ಸಾಲ ಕೇಳುವಾಗ, ಕೆಲಸದ ವಿಷಯದಲ್ಲಿ ವ್ಯಾಜ್ಯ ಹುಟ್ಟಿದಾಗ ಅವನು ಮೇಜಿನ ಮೇಲೆ ಇಡುವುದು ಅದನ್ನೇ.

ಈ ಪದ್ಧತಿ ಛಾಯಾಚಿತ್ರಕಲೆಯಷ್ಟೇ ಹಳೆಯದು ಎನ್ನಬಹುದು. 1839ರಲ್ಲಿ ಈ ಕಲೆ ಲೋಕಕ್ಕೆ ಪ್ರಕಟವಾಯಿತು. ಆಗಿನ ಫಲಕಗಳು ಬೆಳಕನ್ನು ಬಹು ನಿಧಾನವಾಗಿ ಹೀರುತ್ತಿದ್ದುದರಿಂದ ಅಲುಗಾಡದೆ ನಿಲ್ಲುವ ವಸ್ತುವೇ ಚಿತ್ರಕ್ಕೆ ಅನುಕೂಲ. ಕಟ್ಟಡದಷ್ಟು ಸ್ಥಿರವಾಗಿ ನಿಲ್ಲುವವರು ಮತ್ತಾರು? ಹದಿಮೂರು ವರ್ಷ ಕಳೆಯುವಷ್ಟರಲ್ಲಿ ಇಂಜಿನಿಯರುಗಳು ಇದರ ಉಪಯೋಗವನ್ನು ಕಂಡುಕೊಂಡಿದ್ದರು. ರಷ್ಯಾದ ಚಕ್ರವರ್ತಿ ಒಂದನೆಯ ನಿಕೊಲಸನಿಗಾಗಿ ಕೀವ್ ನಗರದ ಬಳಿ ನೀಪರ್ ನದಿಗೆ ತೂಗುಸೇತುವೆಯನ್ನು ಕಟ್ಟುತ್ತಿದ್ದ ಚಾರ್ಲ್ಸ್ ವಿಗ್ನೋಲ್ಸ್ ಎಂಬ ಇಂಜಿನಿಯರು 1852ರಲ್ಲಿ ರೋಜರ್ ಫೆಂಟನ್ ಎಂಬ ಛಾಯಾಚಿತ್ರಗ್ರಾಹಕನನ್ನು ಅಲ್ಲಿಗೆ ಕರೆಸಿಕೊಂಡನು. ಆ ಸೇತುವೆ 1920ರ ಯುದ್ಧದಲ್ಲಿ ನಾಶವಾಯಿತು. ಅದರ ಚಿತ್ರಗಳು ಉಳಿದಿವೆ.

ಇದಕ್ಕಿಂತ ದೊಡ್ಡ ಉದಾಹರಣೆ ಲಂಡನ್ನಿನ ಗಾಜಿನ ಅರಮನೆ. 1851ರ ಮಹಾ ವಸ್ತುಪ್ರದರ್ಶನಕ್ಕಾಗಿ ಹೈಡ್ ಪಾರ್ಕಿನಲ್ಲಿ ಎತ್ತಿದ್ದ ಆ ಕಬ್ಬಿಣ ಗಾಜುಗಳ ಮಂದಿರವನ್ನು ಪ್ರದರ್ಶನ ಮುಗಿದ ಮೇಲೆ ಕಳಚಿ, ಸಿಡನ್‌ಹ್ಯಾಮ್ ಎಂಬಲ್ಲಿ ಇನ್ನೂ ದೊಡ್ಡದಾಗಿ ಕಟ್ಟಿದರು. ಆ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರಿಸಲು ಫಿಲಿಪ್ ಹೆನ್ರಿ ಡೆಲಮಾಟ್ ಎಂಬಾತನನ್ನು ನೇಮಿಸಿಕೊಂಡರು. 1854ರ ಜೂನ್ ತಿಂಗಳಲ್ಲಿ ವಿಕ್ಟೋರಿಯಾ ರಾಣಿ ಅರಮನೆಯನ್ನು ತೆರೆದಳು. ಮರುವರ್ಷ ಡೆಲಮಾಟನ 160 ಚಿತ್ರಗಳು ಎರಡು ಸಂಪುಟಗಳಲ್ಲಿ ಹೊರಬಂದವು. ಬರಿಯ ನೆಲ, ಮೊದಲ ಕಂಬ, ಕಮಾನುಗಳ ಬೆಳವಣಿಗೆ, ಸಾರುವೆಯ ಮೇಲೆ ನಿಂತ ಕೆಲಸಗಾರರು, ಕೊನೆಗೆ ಪೂರ್ಣವಾದ ಮಂದಿರ, ಎಲ್ಲವೂ ಅಲ್ಲಿ ಕ್ರಮವಾಗಿವೆ. 1936ರ ನವೆಂಬರ್ 30ರ ರಾತ್ರಿ ಬೆಂಕಿ ಬಿದ್ದು ಆ ಅರಮನೆ ಉರಿದುಹೋಯಿತು. ಅದನ್ನು ಹೇಗೆ ಕಟ್ಟಿದರೆಂದು ತಿಳಿಯಬೇಕಾದರೆ ಇಂದು ಆ ಚಿತ್ರಗಳನ್ನೇ ನೋಡಬೇಕು.

ಪ್ಯಾರಿಸಿನಲ್ಲಿಯೂ ಇದೇ ಕಾಲದಲ್ಲಿ ಎದ್ವಾರ್ ಬಾಲ್ದ್ಯೂ ಎಂಬಾತನು ಲೂವ್ರ್ ಅರಮನೆಯ ಹೊಸ ಭಾಗಗಳ ನಿರ್ಮಾಣವನ್ನು ಸಾವಿರಕ್ಕೂ ಮೇಲ್ಪಟ್ಟು ಚಿತ್ರಗಳಲ್ಲಿ ಹಿಡಿದಿಟ್ಟನು. 1860ರ ದಶಕದಲ್ಲಿ ಲಂಡನ್ನಿನಲ್ಲಿ ಆರಂಭವಾದ ಬೆಡ್‌ಫರ್ಡ್ ಲೆಮೀರ್ ಎಂಬ ಸಂಸ್ಥೆಯು ಇದನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡಿತು. ವಾಸ್ತುಶಿಲ್ಪಿಗಳು, ಕಂಟ್ರಾಕ್ಟರುಗಳು, ಒಳಾಂಗಣವನ್ನು ಅಲಂಕರಿಸುವ ವ್ಯಾಪಾರಿಗಳು ಅದರ ಗಿರಾಕಿಗಳು. ಹೋಟೆಲುಗಳು, ಅಂಗಡಿಗಳು, ಸಿರಿವಂತರ ಭವನಗಳು ಅದರ ವಸ್ತು. ಆ ಗಾಜಿನ ನೆಗೆಟಿವುಗಳನ್ನು ಇಂಗ್ಲೆಂಡಿನ ಪುರಾತತ್ತ್ವ ಸಂಗ್ರಹದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. ನಮ್ಮ ದೇಶದ ಪ್ರಸಿದ್ಧ ಛಾಯಾಚಿತ್ರಗ್ರಾಹಕ ಲಾಲಾ ದೀನದಯಾಳರು ರೂರ್ಕಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಇಂದೂರಿನ ಮರಾಮತ್ತು ಇಲಾಖೆಯಲ್ಲಿ ನಕ್ಷೆಗಾರರಾಗಿದ್ದವರು ಎಂಬುದನ್ನೂ ಇಲ್ಲಿ ಸ್ಮರಿಸಬಹುದು. ಕಟ್ಟಡವನ್ನು ಕಾಗದದ ಮೇಲೆ ಬರೆಯಬಲ್ಲ ಕಣ್ಣು ಅದನ್ನು ಫಲಕದ ಮೇಲೆ ಹಿಡಿಯುವುದರಲ್ಲಿಯೂ ಪಳಗಿದುದು ಆಶ್ಚರ್ಯವಲ್ಲ.

ಇನ್ನು ಕೆಲಸದ ಶಾಸ್ತ್ರಕ್ಕೆ ಬರೋಣ. ಕಟ್ಟಡದ ಚಿತ್ರದಲ್ಲಿ ಬಲ್ಲವರು ಮೊದಲು ನೋಡುವುದು ಲಂಬರೇಖೆಗಳನ್ನು. ನೀವು ಎತ್ತರವಾದ ಕಟ್ಟಡದ ಮುಂದೆ ನಿಂತು ಕ್ಯಾಮರಾವನ್ನು ಮೇಲಕ್ಕೆ ಎತ್ತಿ ಚಿತ್ರ ತೆಗೆದರೆ, ಗೋಡೆಗಳು ಮೇಲೆ ಹೋಗುತ್ತ ಒಂದನ್ನೊಂದು ಸಮೀಪಿಸಿ, ಕಟ್ಟಡ ಹಿಂದಕ್ಕೆ ಒರಗಿದಂತೆ ಕಾಣುತ್ತದೆ. ಇದಕ್ಕೆ ಕಾರಣ ಸುಲಭ. ಕ್ಯಾಮರಾ ಬಾಗಿದಾಗ ಅದರೊಳಗಿನ ಫಲಕವು ಗೋಡೆಗೆ ಸಮಾನಾಂತರವಾಗಿರುವುದಿಲ್ಲ. ಕಟ್ಟಡದ ತಲೆ ಪಾದಕ್ಕಿಂತ ದೂರವಾಗುತ್ತದೆ. ದೂರವಾದುದು ಚಿಕ್ಕದಾಗಿ ಕಾಣುತ್ತದೆ. ತೂಕದ ಗುಂಡನ್ನು ಇಳಿಯಬಿಟ್ಟು, ನೂಲು ಹಿಡಿದು, ಕೂದಲೆಳೆಯಷ್ಟೂ ವಾಲದಂತೆ ಗೋಡೆ ಎಬ್ಬಿಸಿದ ಮೇಸ್ತ್ರಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ?

ಹಳೆಯ ಕಾಲದ ದೊಡ್ಡ ಕ್ಯಾಮರಾದಲ್ಲಿ ಇದಕ್ಕೆ ಪರಿಹಾರವಿತ್ತು. ಮುಂದೆ ಲೆನ್ಸಿನ ಹಲಗೆ, ಹಿಂದೆ ಫಲಕದ ಹಲಗೆ, ನಡುವೆ ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮದ ಚೀಲ. ಫಲಕವನ್ನು ನೆಟ್ಟಗೆ ಗೋಡೆಗೆ ಸಮಾನಾಂತರವಾಗಿಯೇ ನಿಲ್ಲಿಸಿ, ಲೆನ್ಸಿನ ಹಲಗೆಯನ್ನು ಮಾತ್ರ ಮೇಲಕ್ಕೆ ಸರಿಸಿದರೆ ಕಟ್ಟಡದ ಶಿಖರವೂ ಚಿತ್ರದೊಳಕ್ಕೆ ಬರುತ್ತಿತ್ತು, ಗೋಡೆಯೂ ನೆಟ್ಟಗಿರುತ್ತಿತ್ತು. 1960ರ ದಶಕದ ಆರಂಭದಲ್ಲಿ ಜಪಾನಿನ ನಿಕಾನ್ ಸಂಸ್ಥೆಯು ಇದೇ ತತ್ತ್ವವನ್ನು ಕೈಯಲ್ಲಿ ಹಿಡಿಯುವ ಚಿಕ್ಕ ಕ್ಯಾಮರಾಕ್ಕೂ ಅಳವಡಿಸಿ, ಪಕ್ಕಕ್ಕೆ ಸರಿಯಬಲ್ಲ ಲೆನ್ಸೊಂದನ್ನು ತಯಾರಿಸಿತು. ಇಂದು ಗಣಕಯಂತ್ರದಲ್ಲಿ ರೇಖೆಗಳನ್ನು ಆಮೇಲೆ ನೆಟ್ಟಗೆ ಮಾಡುವ ಉಪಾಯವೂ ಉಂಟು. ಆದರೆ ಹಾಗೆ ಎಳೆದಾಗ ಚಿತ್ರದ ಅಂಚುಗಳು ಕತ್ತರಿಸಿಹೋಗುತ್ತವೆ, ಮೇಲ್ಭಾಗದ ಸೂಕ್ಷ್ಮತೆ ಕುಂದುತ್ತದೆ. ಹೊಲಿಯುವಾಗಲೇ ಅಳತೆ ಸರಿಯಾಗಿದ್ದರೆ ಆಮೇಲೆ ಹರಿದು ಹೊಲಿಯುವ ತೊಂದರೆಯಿಲ್ಲ.

ಎರಡನೆಯದು ಬೆಳಕು. ಈ ವಿಷಯದಲ್ಲಿ ಪರದೇಶದ ಪುಸ್ತಕಗಳನ್ನು ಓದಿ ನಡೆಯುವವರು ನಮ್ಮಲ್ಲಿ ಮೋಸಹೋಗುವುದುಂಟು. ಇಂಗ್ಲೆಂಡಿನಲ್ಲಿ ಮಧ್ಯಾಹ್ನದ ಸೂರ್ಯನು ವರ್ಷವೆಲ್ಲ ದಕ್ಷಿಣದಲ್ಲಿಯೇ ಇರುತ್ತಾನೆ. ಬೆಂಗಳೂರು ಸಮಭಾಜಕವೃತ್ತಕ್ಕೆ ಕೇವಲ 13 ಅಂಶ ಉತ್ತರದಲ್ಲಿರುವುದರಿಂದ, ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ಮಧ್ಯದ ಹೊತ್ತಿಗೆ ಇನ್ನೊಮ್ಮೆ, ಸೂರ್ಯನು ನಡುಹಗಲಲ್ಲಿ ನಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನಡುವಣ ತಿಂಗಳುಗಳಲ್ಲಿ ಉತ್ತರಕ್ಕೆ ವಾಲಿರುತ್ತಾನೆ. ಆದ್ದರಿಂದ ಉತ್ತರಮುಖವಾದ ಮನೆಗೆ ನಡುಹಗಲ ಬಿಸಿಲು ಬೀಳುವ ಕಾಲವೂ ಮಳೆಮೋಡಗಳ ಕಾಲವೂ ಬಹುಮಟ್ಟಿಗೆ ಒಂದೇ ಆಗುತ್ತವೆ. ಅಂಥ ಮನೆಯ ಚಿತ್ರ ತೆಗೆಯುವವನು ಮೇ ತಿಂಗಳ ಬೆಳಗನ್ನೋ ಸಂಜೆಯನ್ನೋ ಹುಡುಕಬೇಕು. ಪೂರ್ವಮುಖವಾದ ಮೈಸೂರು ಅರಮನೆಗೆ ಬೆಳಗಿನ ಬಿಸಿಲೇ ಬೇಕು. ಮಧ್ಯಾಹ್ನ ಮೂರು ಗಂಟೆಗೆ ಹೋದವನಿಗೆ ದೊರೆಯುವುದು ನೆರಳು ಮಾತ್ರ. ನೆತ್ತಿಯ ಮೇಲಿನ ಬಿಸಿಲು ಯಾವ ಮುಖಕ್ಕೂ ಹಿತವಲ್ಲ. ಸಜ್ಜೆಗಳ ಕೆಳಗೆ ಕಪ್ಪುನೆರಳು ಇಳಿಬಿದ್ದು, ಕಿಟಕಿಗಳೆಲ್ಲ ಗುಹೆಗಳಂತೆ ತೋರುತ್ತವೆ. ಓರೆಯಾಗಿ ಬೀಳುವ ಬಿಸಿಲಿನಲ್ಲಿಯೇ ಕಲ್ಲಿನ ಉಳಿಗೆಲಸ, ಗಾರೆಯ ನಯ, ಇಟ್ಟಿಗೆಯ ವರಸೆ ಕಣ್ಣಿಗೆ ಕಾಣುವುದು.

ಸೂರ್ಯ ಮುಳುಗಿದ ಮೇಲೆ ಬರುವ ಸಂಧ್ಯಾಕಾಲವನ್ನು ಈ ವೃತ್ತಿಯವರು ಬಹುವಾಗಿ ಬಯಸುತ್ತಾರೆ. ಆಗ ಆಕಾಶ ಗಾಢವಾದ ನೀಲಿಯಾಗಿರುತ್ತದೆ; ಒಳಗಿನ ದೀಪಗಳು ಹೊರಗೆ ಕಾಣತೊಡಗುತ್ತವೆ; ಹೊರಗಿನ ಬೆಳಕೂ ಒಳಗಿನ ಬೆಳಕೂ ಸಮತೂಕಕ್ಕೆ ಬರುತ್ತವೆ. ಇಂಗ್ಲೆಂಡಿನ ಬೇಸಗೆಯಲ್ಲಿ ಈ ಮಬ್ಬು ಮುಕ್ಕಾಲು ಗಂಟೆ ಇದ್ದೀತು. ನಮ್ಮಲ್ಲಿ ಸುಮಾರು ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಆದ್ದರಿಂದ ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ಮುಂಚಿತವಾಗಿಯೇ ನಿಲ್ಲಿಸಿ, ದೀಪಗಳನ್ನೆಲ್ಲ ಹೊತ್ತಿಸಿ, ಕಾಯುತ್ತಿರಬೇಕು. ಒಂದೊಂದು ಚಿತ್ರಕ್ಕೂ ಕೆಲವು ಸೆಕೆಂಡುಗಳ ಕಾಲ ಬೆಳಕನ್ನು ಒಳಗೆ ಬಿಡಬೇಕಾಗುವುದರಿಂದ ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ.

ಒಳಾಂಗಣದ ಕಷ್ಟ ಬೇರೆ. ಕಿಟಕಿಯ ಹೊರಗಿನ ಪ್ರಕಾಶವು ಕೋಣೆಯ ಮೂಲೆಗಿಂತ ನೂರಾರು ಪಾಲು ಹೆಚ್ಚಾಗಿರಬಹುದು. ನಮ್ಮ ಕಣ್ಣು ಎರಡನ್ನೂ ಹೊಂದಿಸಿಕೊಂಡು ನೋಡುತ್ತದೆ. ಯಂತ್ರಕ್ಕೆ ಆ ಶಕ್ತಿ ಅಷ್ಟಾಗಿ ಇಲ್ಲ. ಕೆಲವರು ಬೇರೆ ದೀಪಗಳನ್ನು ತಂದು ಕೋಣೆಯನ್ನು ಬೆಳಗಿಸುತ್ತಾರೆ. ಕೆಲವರು ಹೆಚ್ಚು ಕಡಿಮೆ ಬೆಳಕಿನಲ್ಲಿ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಸೇರಿಸುತ್ತಾರೆ. ಇಲ್ಲಿ ಇನ್ನೊಂದು ಪ್ರಲೋಭನೆಯೂ ಕಾದಿರುತ್ತದೆ. ವಿಶಾಲಕೋನದ ಲೆನ್ಸನ್ನು ಹಾಕಿದರೆ ಹತ್ತು ಅಡಿಯ ಕೋಣೆ ಇಪ್ಪತ್ತು ಅಡಿಯಂತೆ ತೋರುತ್ತದೆ; ಸಮೀಪದ ಮಂಚ ಹಡಗಿನಂತೆ ಉದ್ದವಾಗುತ್ತದೆ, ಎದುರುಗೋಡೆ ದೂರ ಓಡುತ್ತದೆ. ಇಕ್ಕಟ್ಟಾದ ಜಾಗದಲ್ಲಿ ಇಂಥ ಲೆನ್ಸು ಸ್ವಲ್ಪಮಟ್ಟಿಗೆ ಅನಿವಾರ್ಯವೇ. ಮಿತಿ ಮೀರಿದರೆ ಅದು ಅಳತೆಯ ಸುಳ್ಳು.

ವಾಸ್ತುಶಿಲ್ಪಿಗೆ ಬೇಕಾದ ಚಿತ್ರಕ್ಕೂ ಕಂಟ್ರಾಕ್ಟರಿಗೆ ಬೇಕಾದ ಚಿತ್ರಕ್ಕೂ ವ್ಯತ್ಯಾಸವಿದೆ. ಶಿಲ್ಪಿಗೆ ತನ್ನ ಕಲ್ಪನೆ ಮುಖ್ಯ. ಆಕಾರ, ಅವಕಾಶ, ಬೆಳಕುನೆರಳುಗಳ ಆಟ ಅವನಿಗೆ ಸಾಕು. ಅಮೆರಿಕದ ಜೂಲಿಯಸ್ ಶುಲ್ಮನ್ ಎಂಬಾತನು 1960ರಲ್ಲಿ ಲಾಸ್ ಏಂಜಲೀಸಿನ ಗುಡ್ಡದ ಮೇಲಿನ ಗಾಜಿನ ಮನೆಯೊಂದನ್ನು, ಕೆಳಗೆ ಹರಡಿದ ನಗರದ ದೀಪಗಳೊಡನೆ, ಒಳಗೆ ಕುಳಿತ ಇಬ್ಬರು ತರುಣಿಯರೊಡನೆ ತೆಗೆದ ಚಿತ್ರವು ಆ ಮನೆಯನ್ನು ರಚಿಸಿದ ಪಿಯರ್ ಕೋನಿಗನ ಹೆಸರನ್ನು ಲೋಕಕ್ಕೆಲ್ಲ ಹರಡಿತು. ಕಂಟ್ರಾಕ್ಟರಿಗೆ ಇಷ್ಟರಿಂದ ತೃಪ್ತಿಯಿಲ್ಲ. ಕಾಂಕ್ರೀಟಿನ ಅಂಚು ಚೊಕ್ಕಟವಾಗಿದೆಯೆ, ಕಲ್ಲಿನ ಸಂದು ಸಮವಾಗಿದೆಯೆ, ಮೆಟ್ಟಿಲು ಗೋಡೆಗೆ ಸೇರುವ ಎಡೆ ಹೇಗಿದೆ, ನೀರಿನ ಕೊಳವೆಗಳನ್ನು ಎಷ್ಟು ಅಚ್ಚುಕಟ್ಟಾಗಿ ಒಯ್ದಿದೆ, ಇವೂ ಚಿತ್ರದಲ್ಲಿ ಕಾಣಬೇಕು. ಏಕೆಂದರೆ ಅವನ ಕೈಗೆಲಸ ಇರುವುದು ಅಲ್ಲಿ. ಒಂದೇ ಕಟ್ಟಡದ ಚಿತ್ರಗಳಿಗೆ ಇಬ್ಬರೂ ಸೇರಿ ಹಣ ಕೊಡುವುದಾದರೆ, ಇಬ್ಬರ ಅಪೇಕ್ಷೆಗಳನ್ನೂ ಮೊದಲೇ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು.

ಕೆಲಸ ಯಾವಾಗ ತೆಗೆಸಬೇಕೆಂಬುದೂ ವಿಚಾರಾರ್ಹ. ಸಾರುವೆ ಬಿಚ್ಚಿ, ಮರಳು ಜಲ್ಲಿಯ ರಾಶಿ ತೆಗೆದು, ಗಾಜಿನ ಮೇಲಿನ ಸುಣ್ಣದ ಕಲೆ ಒರೆಸಿದ ಮೇಲೆ, ಆದರೆ ಯಜಮಾನರ ಸಾಮಾನುಗಳು ಬಂದು ತುಂಬುವುದಕ್ಕೆ ಮುಂಚೆ, ನಡುವೆ ಒಂದು ವಾರವೋ ಹತ್ತು ದಿನವೋ ದೊರೆಯುತ್ತದೆ. ಅದೇ ಸಮಯ. ತೀರ ಬರಿದಾದ ಕಟ್ಟಡಕ್ಕೆ ಅಳತೆ ತಿಳಿಯುವುದಿಲ್ಲವಾದ್ದರಿಂದ ಒಬ್ಬಿಬ್ಬರು ಮನುಷ್ಯರು ಚಿತ್ರದಲ್ಲಿರುವುದು ಲೇಸು. ಬಾಗಿಲ ಎತ್ತರವೆಷ್ಟೆಂಬುದು ಅದರ ಬಳಿ ನಿಂತವನಿಂದ ಗೊತ್ತಾಗುತ್ತದೆ.

ಚಿತ್ರದ ಹಕ್ಕು ಯಾರದು ಎಂಬ ಪ್ರಶ್ನೆಯಿಂದ ಆಗಾಗ ಮನಸ್ತಾಪ ಬೆಳೆಯುತ್ತದೆ. ನಮ್ಮ 1957ರ ಕೃತಿಸ್ವಾಮ್ಯದ ಕಾಯಿದೆಯಂತೆ, ಹಣ ಕೊಟ್ಟು ಒಬ್ಬರ ಅಪೇಕ್ಷೆಯ ಮೇರೆಗೆ ತೆಗೆಸಿದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಸ್ವಾಮಿಗಳು. ಇಂಗ್ಲೆಂಡು ಅಮೆರಿಕಗಳಲ್ಲಿ ಸಾಮಾನ್ಯವಾಗಿ ಹಕ್ಕು ಛಾಯಾಚಿತ್ರಗ್ರಾಹಕನಲ್ಲಿಯೇ ಉಳಿಯುತ್ತದೆ. ಗಿರಾಕಿಗೆ ದೊರೆಯುವುದು ಉಪಯೋಗಿಸುವ ಅನುಮತಿ ಮಾತ್ರ. ಪರದೇಶದ ಪದ್ಧತಿಯನ್ನು ಓದಿಕೊಂಡ ಛಾಯಾಚಿತ್ರಗ್ರಾಹಕನೂ, ಹಣ ಕೊಟ್ಟವನದೇ ಎಲ್ಲ ಎಂದು ನಂಬಿದ ಕಂಟ್ರಾಕ್ಟರೂ ಬಾಯಿಮಾತಿನಲ್ಲಿ ವ್ಯವಹಾರ ಮುಗಿಸಿದರೆ ಜಗಳ ಖಂಡಿತ. ಯಾರು ಎಲ್ಲಿ ಎಷ್ಟು ಕಾಲ ಚಿತ್ರವನ್ನು ಬಳಸಬಹುದೆಂದು ಒಂದು ಕಾಗದದ ಮೇಲೆ ಬರೆದುಕೊಂಡರೆ ಸ್ನೇಹವೂ ಉಳಿಯುತ್ತದೆ.

ಇಷ್ಟು ಹೇಳಿದ ಮೇಲೆ ಮುಖ್ಯವಾದ ಪ್ರಶ್ನೆ ಉಳಿಯಿತು. ಮುಗಿದ ಕಟ್ಟಡದ ಚಿತ್ರ ನಮಗೆ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸುವುದಿಲ್ಲ? ಸ್ಕಾಟ್ಲೆಂಡಿನ ಟೇ ನದಿಯ ರೈಲ್ವೆ ಸೇತುವೆಯ ಕಥೆ ಇದಕ್ಕೆ ಉತ್ತರವನ್ನು ಕೊಡುತ್ತದೆ. 1878ರ ಜೂನ್ ತಿಂಗಳಲ್ಲಿ ತೆರೆದ ಆ ಸೇತುವೆಯ ಉದ್ದವನ್ನೂ ಅಂದವನ್ನೂ ಎಲ್ಲರೂ ಕೊಂಡಾಡಿದರು. 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಯಲ್ಲಿ ಅದರ ಎತ್ತರವಾದ ನಡುಭಾಗ, ಆಗ ಅದರ ಮೇಲೆ ಹೋಗುತ್ತಿದ್ದ ರೈಲಿನೊಡನೆ, ನದಿಗೆ ಬಿದ್ದಿತು. ರೈಲಿನಲ್ಲಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಗಳಲ್ಲಿ ಒಂದು ಇದು: ಎರಕ ಹೊಯ್ದ ಕಂಬಗಳಲ್ಲಿ ಗಾಳಿಗುಳ್ಳೆಗಳಿಂದಾದ ತೂತುಗಳನ್ನು ಜೇನುಮೇಣ, ರಾಳ, ಕಬ್ಬಿಣದ ಪುಡಿ, ದೀಪದ ಕಾಡಿಗೆ ಇವುಗಳನ್ನು ಕರಗಿಸಿ ಮಾಡಿದ ಸರಿಯಿಂದ ಮುಚ್ಚಿ ಉಜ್ಜಿದ್ದರು. ಉಜ್ಜಿದ ಮೇಲೆ ಅದು ಕಬ್ಬಿಣದಂತೆಯೇ ಹೊಳೆಯುತ್ತಿತ್ತು. ಹತ್ತಿರ ನಿಂತವರ ಕಣ್ಣೇ ಮೋಸಹೋಗುವಾಗ ದೂರದ ಕ್ಯಾಮರಾ ಅದನ್ನು ಕಂಡೀತೆ? ಬೆಳ್ಳಗಿರುವುದೆಲ್ಲ ಹಾಲಲ್ಲ.

ಆದರೆ ಕಥೆಗೆ ಇನ್ನೊಂದು ಭಾಗವಿದೆ. ವಿಚಾರಣೆಗಾಗಿ ಡಂಡೀ ನಗರದ ವ್ಯಾಲೆಂಟೈನ್ ಸಂಸ್ಥೆಯು ಮುರಿದ ಕಂಬಗಳ ಚಿತ್ರಗಳನ್ನು ಒಂದೊಂದಾಗಿ, ಬಹಳ ಸ್ಫುಟವಾಗಿ ತೆಗೆಯಿತು. ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಇಂಜಿನಿಯರುಗಳು ಆ ಚಿತ್ರಗಳನ್ನು ಹಿಗ್ಗಿಸಿ ನೋಡಿ, ಅಡ್ಡಪಟ್ಟಿಗಳನ್ನು ಹಿಡಿದಿದ್ದ ಎರಕದ ಕಿವಿಗಳು ಹೇಗೆ ಮುರಿದವೆಂಬುದನ್ನು ಮತ್ತೆ ಪರಿಶೀಲಿಸಿದರು. ಹೀಗೆ ಸುಂದರವಾದ ಚಿತ್ರ ಹೇಳದೆ ಬಿಟ್ಟುದನ್ನು ನಿಷ್ಠುರವಾದ ಚಿತ್ರ ಹೇಳಿತು. ಅನಂತರ ಕಟ್ಟಿದ ಫೋರ್ತ್ ಸೇತುವೆಯ ಕೆಲಸವನ್ನು ಈವ್ಲಿನ್ ಕೇರಿ ಎಂಬ ಇಂಜಿನಿಯರು ವರ್ಷಗಟ್ಟಲೆ ಚಿತ್ರಿಸಿದನು. 1890ರಲ್ಲಿ ತೆರೆದ ಆ ಸೇತುವೆಯ ಭವ್ಯವಾದ ನಿಲುವನ್ನು ಇಂದಿಗೂ ಚಿತ್ರಗಳಲ್ಲಿ ಕಂಡು ಬೆರಗಾಗುತ್ತೇವೆ. ಅದನ್ನು ಕಟ್ಟುವಾಗ ಎಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಪ್ರಾಣ ತೆತ್ತರೆಂಬುದು ಪೂರ್ಣವಾದ ಸೇತುವೆಯ ಯಾವ ಚಿತ್ರದಲ್ಲಿಯೂ ಕಾಣುವುದಿಲ್ಲ.

ಆದ್ದರಿಂದ ವಿವೇಕಿಯಾದ ಕಂಟ್ರಾಕ್ಟರು ಕೊನೆಯ ದಿನದ ಚಿತ್ರವೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಪಾಯ ತೋಡಿದಾಗ, ಕಂಬಿ ಕಟ್ಟಿ ಕಾಂಕ್ರೀಟು ಹಾಕುವ ಮುನ್ನ, ಗೋಡೆಯೊಳಗೆ ತಂತಿ ಕೊಳವೆಗಳನ್ನು ಮುಚ್ಚುವ ಮುನ್ನ, ಒಂದೇ ಗೊತ್ತಾದ ಸ್ಥಳದಲ್ಲಿ ನಿಂತು, ತಾರೀಖಿನೊಡನೆ ಚಿತ್ರಗಳನ್ನು ತೆಗೆಸುತ್ತಾನೆ. ಮುಚ್ಚಿಹೋಗುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಸರ್ಕಾರವೂ ಇದನ್ನು ಒಪ್ಪಿಕೊಂಡಿದೆ. 2016ರಲ್ಲಿ ಆರಂಭವಾದ ಗ್ರಾಮೀಣ ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ, ಬಡವರ ಮನೆಯ ಕೆಲಸವನ್ನು ಹಂತಹಂತವಾಗಿ, ಸ್ಥಳದ ಅಕ್ಷಾಂಶ ರೇಖಾಂಶಗಳ ಗುರುತಿನೊಡನೆ ಚಿತ್ರ ತೆಗೆದು ಒಪ್ಪಿಸಿದ ಮೇಲೆ ಕಂತಿನ ಹಣ ಬಿಡುಗಡೆಯಾಗುವಂತೆ ಏರ್ಪಾಡು ಮಾಡಲಾಯಿತು. ಅಲ್ಲಿ ಚಿತ್ರವು ಅಲಂಕಾರವಲ್ಲ. ಒಂದು ಸಂಸಾರದ ತಲೆಯ ಮೇಲಿನ ಸೂರು ಅದನ್ನು ಅವಲಂಬಿಸಿದೆ.

ಚಿತ್ರವನ್ನು ತಿದ್ದುವ ವಿಷಯದಲ್ಲಿಯೂ ಒಂದು ಮರ್ಯಾದೆಯುಂಟು. ದಾರಿಯಲ್ಲಿ ಬಿದ್ದ ಕಾಗದದ ಚೂರನ್ನೋ, ಆ ದಿನ ಮಾತ್ರ ನಿಂತಿದ್ದ ಲಾರಿಯನ್ನೋ ಚಿತ್ರದಿಂದ ಅಳಿಸಿದರೆ ಯಾರಿಗೂ ನಷ್ಟವಿಲ್ಲ. ಕಟ್ಟಡದ ಮುಂದೆ ಶಾಶ್ವತವಾಗಿ ಹಾದುಹೋಗಿರುವ ವಿದ್ಯುತ್ತಿನ ತಂತಿಯನ್ನು, ಪಕ್ಕದ ಕೊಳಚೆಯ ಮೋರಿಯನ್ನು, ಗೋಡೆಯ ಬಿರುಕನ್ನು ಅಳಿಸುವುದು, ಇಲ್ಲದ ಹುಲ್ಲನ್ನೂ ಮರವನ್ನೂ ತಂದು ಕೂಡಿಸುವುದು ಮೋಸ. ತಾತ್ಕಾಲಿಕವಾದುದನ್ನು ಅಳಿಸಬಹುದು, ಸ್ಥಿರವಾದುದನ್ನು ಅಳಿಸಕೂಡದು ಎಂದು ನಿಯಮ ಮಾಡಿಕೊಂಡರೆ ಬಹುಮಟ್ಟಿಗೆ ಸರಿಹೋದೀತು. 2016ರ ಸ್ಥಿರಾಸ್ತಿ ಕಾಯಿದೆಯ 12ನೆಯ ಪ್ರಕರಣದಂತೆ, ಸುಳ್ಳು ಜಾಹೀರಾತನ್ನು ನಂಬಿ ಹಣ ಕೊಟ್ಟು ನಷ್ಟಪಟ್ಟವರು ಪರಿಹಾರವನ್ನು ಕೇಳಬಹುದು. ಆದರೆ ಕಾಯಿದೆಯ ಬಾಗಿಲಿಗೆ ಹೋಗುವ ಮುಂಚೆ ಕಣ್ಣು ತೆರೆದು ನೋಡುವುದು ಮೇಲು.

ಹಾಗಾದರೆ ಮನೆಯನ್ನೋ ಅಪಾರ್ಟ್‌ಮೆಂಟನ್ನೋ ಕೊಳ್ಳಹೊರಟ ಗೃಹಸ್ಥರು ಇಂಥ ಚಿತ್ರ ಕೈಗೆ ಬಂದಾಗ ಏನು ಮಾಡಬೇಕು? ಇದು ನಿಜವಾಗಿ ಕಟ್ಟಿದ ಕಟ್ಟಡದ ಛಾಯಾಚಿತ್ರವೋ, ಗಣಕಯಂತ್ರದಲ್ಲಿ ರಚಿಸಿದ ಕಲ್ಪನೆಯೋ ಎಂದು ಮೊದಲು ಕೇಳಬೇಕು. ಕೋಣೆಯ ವಿಸ್ತಾರವನ್ನು ಚಿತ್ರದಿಂದ ಊಹಿಸದೆ ನಕ್ಷೆಯ ಅಳತೆಯಿಂದ ತಿಳಿದುಕೊಳ್ಳಬೇಕು. ಸಂಜೆಯ ದೀಪಗಳ ಚಿತ್ರವನ್ನು ಮೆಚ್ಚಿದ ಮೇಲೆ, ಹಗಲು ಹೊತ್ತಿನ ಚಿತ್ರವನ್ನೂ ತೋರಿಸಿ ಎನ್ನಬೇಕು. ಪಾಯದ ಚಿತ್ರ, ಕಂಬಿಯ ಚಿತ್ರ ಇವೆಯೆ ಎಂದು ವಿಚಾರಿಸಬೇಕು. ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ ಕಂಟ್ರಾಕ್ಟರು ಈ ಪ್ರಶ್ನೆಗಳಿಂದ ಬೇಸರಪಡುವುದಿಲ್ಲ. ಸಂತೋಷದಿಂದ ತನ್ನ ಚಿತ್ರಗಳ ಕಟ್ಟನ್ನು ಬಿಚ್ಚಿ ನಿಮ್ಮ ಮುಂದೆ ಹರಡುತ್ತಾನೆ. ಅಂಥವನ ಕೆಲಸವನ್ನು ಇದ್ದುದಿದ್ದಂತೆ, ನೆಟ್ಟನೆಯ ಗೋಡೆಯನ್ನು ನೆಟ್ಟಗೇ ತೋರಿಸಿಕೊಡುವ ಛಾಯಾಚಿತ್ರಗ್ರಾಹಕನು ಕಟ್ಟಿದವನಿಗೂ ಕೊಳ್ಳುವವನಿಗೂ ಸಮಾನವಾಗಿ ಉಪಕಾರ ಮಾಡಿದವನಾಗುತ್ತಾನೆ.